ಹಿಂದಿನ ಆಕ್ಸಲ್‌ಗೆ ಕೈ ಹಾಕುವ ಮುಂಚೆ ಮುಂದಿನದನ್ನು ನೋಡಿ

ಈ ಸಲ ಅಂಕಣದ ಜಾಗವೆಲ್ಲ ಒಂದೇ ಕೆಲಸಕ್ಕೆ ಹೋಗಿದೆ. ವ್ಯಾನನ್ನು ಫೋರ್ ವೀಲ್ ಡ್ರೈವ್ ಮಾಡಲು ಹೊರಟಿರುವ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ, ಉತ್ತರವೂ ಉದ್ದವೇ ಆಯಿತು. ಅದೇ ದಾರಿಯಲ್ಲಿ ಬೇರೆ ಬೇರೆ ಹಂತದಲ್ಲಿ ನಿಂತಿರುವ ಇನ್ನೂ ಕೆಲವರ ಪ್ರಶ್ನೆಗಳನ್ನು ಜೊತೆಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಮಸ್ಕಾರ ಸರ್. ನನ್ನ ಹತ್ತಿರ ಉದ್ದ ಚಾಸಿಯ ಹಳೇ ವ್ಯಾನ್ ಇದೆ, ಹಿಂದಿನ ಚಕ್ರಕ್ಕೆ ಮಾತ್ರ ಡ್ರೈವ್. ಒಳಗೆ ಮಲಗೋಕೆ, ಅಡುಗೆ ಮಾಡೋಕೆ ಜಾಗ ಮಾಡಿಕೊಂಡಿದ್ದೇನೆ. ಪಿಕಪ್ ಒಂದರ ಮುಂದಿನ ಆಕ್ಸಲ್ ಮತ್ತು ಟ್ರಾನ್ಸ್‌ಫರ್ ಕೇಸ್ (ಇಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಎರಡೂ ಆಕ್ಸಲ್‌ಗೆ ಹಂಚುವ ಪೆಟ್ಟಿಗೆ) ಹಾಕಿ ಇದನ್ನು ಫೋರ್ ವೀಲ್ ಡ್ರೈವ್ ಮಾಡಬೇಕು ಅಂತ ಆಸೆ, ಆದರೆ ಅದಕ್ಕೆ ಇನ್ನೂ ಒಂದು ವರ್ಷ ಬೇಕು. ಅದೇ ಪಿಕಪ್‌ನ ಹಿಂದಿನ ಆಕ್ಸಲ್ ಮಾತ್ರ ಈಗಲೇ ಸಿಗುತ್ತಿದೆ. ನನ್ನ ವ್ಯಾನಿನದು 3.55 ರೇಷಿಯೋ (ಚಕ್ರ ಒಂದು ಸುತ್ತು ಬರಲು ಗೇರ್ ಬಾಕ್ಸಿನಿಂದ ಬರುವ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಅನ್ನೋ ಲೆಕ್ಕ), ಪಿಕಪ್‌ನದು 4.10. ಟೈರ್ ಈಗ 71 ಸೆಂ.ಮೀ. ಎತ್ತರ, ಆಮೇಲೆ 84 ಸೆಂ.ಮೀ. ಹಾಕುತ್ತೇನೆ. ಹಿಂದಿನ ಆಕ್ಸಲನ್ನು ಈಗಲೇ ಬದಲಿಸಿಬಿಡಲಾ, ಇಲ್ಲಾ ಎಲ್ಲವನ್ನೂ ಒಟ್ಟಿಗೆ ಮಾಡಲಾ? ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ: ಈಗಲೇ ಬದಲಿಸಿ. ಆದರೆ ಮುಂದಿನ ಆಕ್ಸಲ್ ಯಾವುದು ಅನ್ನೋದು ಖಚಿತವಾಗಿರಬೇಕು, ಸಾಧ್ಯವಾದರೆ ಅದು ನಿಮ್ಮ ಶೆಡ್ಡಿಗೆ ಬಂದು ಕೂತಿರಬೇಕು. ಹಿಂದಿನದನ್ನು ಬದಲಿಸುತ್ತಿರುವುದೇ ಮುಂದಿನದಕ್ಕೆ ಹೊಂದಲಿ ಅಂತ, ಅಲ್ವಾ? ರೇಷಿಯೋ, ಚಕ್ರದ ಬೋಲ್ಟ್‌ಗಳ ಅಳತೆ, ಚಕ್ರದಿಂದ ಚಕ್ರಕ್ಕಿರುವ ಅಗಲ, ಈ ಮೂರನ್ನೂ ಮುಂದಿನ ಆಕ್ಸಲ್ಲೇ ತೀರ್ಮಾನಿಸುತ್ತದೆ. ಒಳ್ಳೇ ಆಕ್ಸಲ್ ಸಿಕ್ಕಿತು ಅಂತ ಹಿಂದೆ ಹಾಕಿಕೊಂಡು, ಆಮೇಲೆ ಅದಕ್ಕೆ ಹೊಂದುವ ಮುಂದಿನದು ಸಿಗದೆ, ಹಾಕಿದ್ದನ್ನೇ ಬಿಚ್ಚಿ ಇನ್ನೊಂದನ್ನು ಹಾಕಿದವರನ್ನು ನೋಡಿದ್ದೇನೆ. ಅದು ಬೇಡ.

ಮೊದಲು ಹಿಂದಿನದನ್ನು ಮಾಡುವುದರಲ್ಲಿ ದೊಡ್ಡ ಲಾಭ ಅಂದರೆ ವ್ಯಾನ್ ಓಡುತ್ತಲೇ ಇರುತ್ತದೆ. ಎಲ್ಲವನ್ನೂ ಒಮ್ಮೆಗೇ ಬಿಚ್ಚಿದರೆ ತಿಂಗಳುಗಟ್ಟಲೆ ಗಾಡಿ ಸ್ಟ್ಯಾಂಡ್ ಮೇಲೆ ನಿಲ್ಲುತ್ತದೆ, ಕೊನೆಗೆ ಜೋಡಿಸಿ ಓಡಿಸಿದಾಗ ಒಂದು ಗುಂಯ್ ಶಬ್ದ ಬಂದರೆ ಅದು ಹಿಂದಿನ ಕ್ರೌನ್ ವೀಲ್‌ನದಾ (ಆಕ್ಸಲ್ ಒಳಗಿನ ದೊಡ್ಡ ಗೇರ್), ಮುಂದಿನದಾ, ಟ್ರಾನ್ಸ್‌ಫರ್ ಕೇಸಿನದಾ, ಶಾಫ್ಟ್‌ನದಾ ಅಂತ ಹುಡುಕುವುದೇ ಒಂದು ಕೆಲಸವಾಗುತ್ತದೆ. ಹಿಂದಿನದೊಂದನ್ನೇ ಹಾಕಿ ಕೆಲವು ಸಾವಿರ ಕಿಲೋಮೀಟರ್ ಓಡಿಸಿದರೆ ಅದರ ಬೇರಿಂಗ್, ಸೀಲ್, ಬ್ರೇಕ್ ಎಲ್ಲಾ ಸರಿಯಿದೆಯಾ ಅಂತ ಗೊತ್ತಾಗಿಬಿಡುತ್ತದೆ. ಮುಂದಿನ ಹಂತಕ್ಕೆ ಹೋದಾಗ ಹಿಂದಿನದರ ಬಗ್ಗೆ ಅನುಮಾನವೇ ಇರುವುದಿಲ್ಲ.

ಈಗ ರೇಷಿಯೋ. 84 ಸೆಂ.ಮೀ. ಟೈರ್ ಹಾಕುತ್ತೀರಿ ಅಂದರೆ 4.10 ನಿಮಗೆ ಚೆನ್ನಾಗಿ ಹೊಂದುತ್ತದೆ. ಲೆಕ್ಕ ಸುಲಭ: 3.55ನ್ನು 84ರಿಂದ ಗುಣಿಸಿ 71ರಿಂದ ಭಾಗಿಸಿ, 4.20 ಬರುತ್ತದೆ. ಅಂದರೆ ದೊಡ್ಡ ಟೈರ್ ಹಾಕಿದ ಮೇಲೂ ಈಗಿನಂಥದೇ ಎಳೆತ ಬೇಕಾದರೆ ಸುಮಾರು 4.20 ಬೇಕು, 4.10 ಅದಕ್ಕೆ ಹತ್ತಿರ. ಡೈರೆಕ್ಟ್ ಗೇರಿನಲ್ಲಿ (ಇಂಜಿನ್ ಮತ್ತು ಶಾಫ್ಟ್ ಒಂದೇ ವೇಗದಲ್ಲಿ ತಿರುಗುವ ಗೇರ್) 80 ಕಿ.ಮೀ. ವೇಗಕ್ಕೆ ಈಗ ನಿಮ್ಮ ಇಂಜಿನ್ ನಿಮಿಷಕ್ಕೆ ಸುಮಾರು 2,120 ಸುತ್ತು ತಿರುಗುತ್ತಿದೆ. ದೊಡ್ಡ ಟೈರ್ ಮತ್ತು 4.10 ಸೇರಿದರೆ ಸುಮಾರು 2,070. ದೊಡ್ಡ ಟೈರ್ ಹಾಕಿ 3.55 ಅನ್ನೇ ಉಳಿಸಿಕೊಂಡರೆ 1,790ಕ್ಕೆ ಇಳಿಯುತ್ತದೆ, ಏರು ದಾರಿಯಲ್ಲಿ ತುಂಬಿದ ವ್ಯಾನ್ ಎಳೆಯಲಾರದೆ ಒದ್ದಾಡುತ್ತದೆ. ಇನ್ನು ಮಧ್ಯದ ಈ ಒಂದು ವರ್ಷ ಸಣ್ಣ ಟೈರಿಗೆ 4.10 ಹಾಕಿ ಓಡಿಸಿದರೆ ಅದೇ 80ಕ್ಕೆ 2,450 ಸುತ್ತು. ಇಂಜಿನ್‌ಗೆ ಏನೂ ಆಗುವುದಿಲ್ಲ, ಶಬ್ದ ಜಾಸ್ತಿ, ಡೀಸೆಲ್ ಸ್ವಲ್ಪ ಜಾಸ್ತಿ. ಅಷ್ಟು ದಿನ ನಿಧಾನಕ್ಕೆ ಓಡಿಸಿಕೊಂಡರೆ ಆಯಿತು.

ಮಾರುವವರು 4.10 ಅಂದರು ಅಂತ ನಂಬಬೇಡಿ. ಹೌಸಿಂಗ್ ಮೇಲಿನ ತಗಡಿನ ಚೀಟಿಯನ್ನೂ ನಂಬಬೇಡಿ, ಹಳೇ ಆಕ್ಸಲ್‌ಗಳಲ್ಲಿ ಯಾರೋ ಯಾವಾಗಲೋ ಒಳಗಿನ ಗೇರ್ ಬದಲಿಸಿರುತ್ತಾರೆ. ಕವರ್ ತೆಗೆದು ಹಲ್ಲು ಎಣಿಸಿ. ಕ್ರೌನ್ ವೀಲ್‌ಗೆ 41 ಹಲ್ಲು, ಅದನ್ನು ತಿರುಗಿಸುವ ಸಣ್ಣ ಗೇರ್ ಪಿನಿಯನ್‌ಗೆ 10 ಹಲ್ಲು ಇದ್ದರೆ 4.10. ಕ್ರೌನ್‌ಗೆ 41, ಪಿನಿಯನ್‌ಗೆ 11 ಇದ್ದರೆ 3.73. ಕವರ್ ತೆಗೆದಾಗ ತಳದಲ್ಲಿರುವ ಎಣ್ಣೆಯನ್ನೂ ಬೆರಳಲ್ಲಿ ಉಜ್ಜಿ ನೋಡಿ. ಮಂಕಾದ ಬೂದು ಬಣ್ಣದ ನುಣ್ಣನೆಯ ಪುಡಿ ಮಾಮೂಲು. ಕಣ್ಣಿಗೆ ಕಾಣುವ ಚೂರುಗಳಿದ್ದರೆ ಬೇರಿಂಗ್ ಅಥವಾ ಹಲ್ಲು ಹೋಗಿದೆ. ಎಣ್ಣೆ ಹಾಲು ಬೆರೆಸಿದ ಹಾಗಿದ್ದರೆ ನೀರು ಹೊಕ್ಕಿದೆ, ಅಂಥದ್ದರ ಬೇರಿಂಗ್ ಎಲ್ಲಾ ಬದಲಿಸುವ ಲೆಕ್ಕವನ್ನೂ ಹಾಕಿಕೊಳ್ಳಿ.

ಆಮೇಲೆ ಚಕ್ರದ ಬೋಲ್ಟ್. ಇಲ್ಲಿ ಎಡವುವವರು ತುಂಬಾ ಜನ. ಫೋರ್ಡ್ ವ್ಯಾನ್ ಮತ್ತು ಪಿಕಪ್ ಇದಕ್ಕೆ ಒಳ್ಳೇ ಉದಾಹರಣೆ. ಇ-350 ವ್ಯಾನಿಗೆ ಎಂಟು ಬೋಲ್ಟ್, ಪಿಸಿಡಿ (ಬೋಲ್ಟ್‌ಗಳ ನಡುಮಧ್ಯದ ಮೂಲಕ ಹಾದುಹೋಗುವ ವೃತ್ತದ ವ್ಯಾಸ) ಆರೂವರೆ ಇಂಚು, ಅಂದರೆ 165.1 ಮಿ.ಮೀ. 1999ರ ನಂತರದ ಸೂಪರ್ ಡ್ಯೂಟಿ ಪಿಕಪ್‌ಗೂ ಎಂಟೇ ಬೋಲ್ಟ್, ಆದರೆ ಪಿಸಿಡಿ 170 ಮಿ.ಮೀ. ಎರಡೂ ಕಣ್ಣಿಗೆ ಒಂದೇ ಥರ ಕಾಣುತ್ತವೆ, ವ್ಯತ್ಯಾಸ ಐದು ಮಿಲಿಮೀಟರಿಗಿಂತ ಕಡಿಮೆ. ಒಂದರ ರಿಮ್ ಇನ್ನೊಂದಕ್ಕೆ ಕೂರುವುದಿಲ್ಲ, ಒತ್ತಾಯದಿಂದ ಕೂರಿಸಲೂಬಾರದು. ಅಂಥ ವ್ಯಾನಿಗೆ ಪಿಕಪ್‌ನ ಮುಂದಿನ ಆಕ್ಸಲ್ ಹಾಕುವವರು ಹಿಂದಿನದನ್ನೂ ಪಿಕಪ್‌ನದೇ ಹಾಕುವುದಕ್ಕೆ ಇದೇ ದೊಡ್ಡ ಕಾರಣ, ನಾಲ್ಕೂ ಚಕ್ರ ಒಂದೇ ಥರ ಇರಲಿ ಅಂತ. ನಿಮ್ಮ ಗಾಡಿಯಲ್ಲೂ ಹೀಗೆ ವ್ಯತ್ಯಾಸ ಇದ್ದರೆ ಮಧ್ಯದ ಈ ಒಂದು ವರ್ಷ ಮುಂದಕ್ಕೊಂದು ಹಿಂದಕ್ಕೊಂದು ಅಂತ ಎರಡು ಸ್ಟೆಪ್ನಿ ಇಟ್ಟುಕೊಳ್ಳಬೇಕು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ದಾರಿಯಲ್ಲಿ ಪಂಚರ್ ಆದಾಗ ಗೊತ್ತಾಗುತ್ತದೆ.

ಅಗಲದ ವಿಷಯ. ಒಂದು ಬದಿಯ ಹಬ್‌ನಲ್ಲಿ ರಿಮ್ ಕೂರುವ ಮುಖದಿಂದ ಇನ್ನೊಂದು ಬದಿಯ ಮುಖದವರೆಗೆ ಅಳೆಯಿರಿ. ಮುಂದೆ ಹಿಂದೆ ಹೆಚ್ಚು ಕಡಿಮೆ ಒಂದೇ ಇದ್ದರೆ ಮರಳು, ಕೆಸರಲ್ಲಿ ಹಿಂದಿನ ಟೈರ್ ಮುಂದಿನದು ಒತ್ತಿದ ಜಾಡಿನಲ್ಲೇ ಬರುತ್ತದೆ, ಇಂಜಿನ್‌ಗೆ ಅಷ್ಟು ಭಾರ ಕಡಿಮೆ. ಪಿಕಪ್‌ನ ಆಕ್ಸಲ್ ಅಗಲವಾಗಿದ್ದರೆ ಟೈರ್ ಗೂಡಿನ ಅಂಚಿಗೆ ತಾಗುತ್ತದಾ ಅಂತಲೂ ನೋಡಿ, ಸ್ಪ್ರಿಂಗ್ ಪೂರ್ತಿ ಒತ್ತಿದಾಗ ಏನಾಗುತ್ತದೆ ಅಂತ ನೋಡಬೇಕು, ಸುಮ್ನೆ ನಿಂತಾಗ ಅಲ್ಲ.

ಬಿಚ್ಚುವ ದಿನದ ಒಂದು ಎಚ್ಚರಿಕೆ, ಇದು ಪ್ರಾಣದ ವಿಷಯ. ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಬರುವ ಪ್ರೊಪೆಲ್ಲರ್ ಶಾಫ್ಟ್ ಕಳಚಿದ ಕ್ಷಣದಿಂದ ಗೇರಿನಲ್ಲಿ ಹಾಕಿದರೂ ಗಾಡಿ ನಿಲ್ಲುವುದಿಲ್ಲ, ಆಟೊಮ್ಯಾಟಿಕ್ ಆಗಿದ್ದರೆ ಪಾರ್ಕಿಂಗ್‌ನಲ್ಲಿ ಇಟ್ಟರೂ ಅಷ್ಟೇ. ಹ್ಯಾಂಡ್ ಬ್ರೇಕ್ ಇರುವುದು ಹಿಂದಿನ ಚಕ್ರಕ್ಕೆ, ಅದನ್ನೇ ನೀವು ತೆಗೆಯುತ್ತಿದ್ದೀರಿ. ಗಾಡಿಯನ್ನು ಹಿಡಿದು ನಿಲ್ಲಿಸುವ ಎರಡೂ ದಾರಿ ಒಟ್ಟಿಗೆ ಹೋಗುತ್ತವೆ. ಸಮತಟ್ಟಾದ ಗಟ್ಟಿ ನೆಲ, ಮುಂದಿನ ಎರಡೂ ಚಕ್ರಕ್ಕೆ ಎರಡೂ ಕಡೆಯಿಂದ ದಪ್ಪ ಅಡ್ಡಗಟ್ಟೆ, ಚಾಸಿಯ ಕೆಳಗೆ ಗಟ್ಟಿ ಸ್ಟ್ಯಾಂಡ್, ಇವು ಮೂರೂ ಇಲ್ಲದೆ ಕೆಳಗೆ ನುಗ್ಗಬೇಡಿ. ಜಾಕಿ ಎತ್ತುವುದಕ್ಕೆ ಮಾತ್ರ, ಹಿಡಿದುಕೊಳ್ಳುವುದಕ್ಕಲ್ಲ.

ಹಾಕುವಾಗ ಆಕ್ಸಲನ್ನು ಸ್ಪ್ರಿಂಗ್‌ಗೆ ಬಿಗಿಯುವ ಯು ಬೋಲ್ಟ್‌ಗಳನ್ನು ಹೊಸದೇ ಹಾಕಿ. ಒಮ್ಮೆ ಬಿಗಿದ ಯು ಬೋಲ್ಟ್ ಎಳೆದುಕೊಂಡಿರುತ್ತದೆ, ಮತ್ತೆ ಅದೇ ಬಿಗಿ ಕೊಡುವುದಿಲ್ಲ, ಸಾಲದ್ದಕ್ಕೆ ಪಿಕಪ್‌ನ ಆಕ್ಸಲ್ ಟ್ಯೂಬ್ ದಪ್ಪ ಇದ್ದರೆ ಹಳೇದು ಹೊಂದುವುದೂ ಇಲ್ಲ. ಅಡ್ಡಡ್ಡವಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬನ್ನಿ. ನೂರು ಕಿಲೋಮೀಟರ್ ಓಡಿದ ಮೇಲೆ ಒಮ್ಮೆ, ಐನೂರಕ್ಕೆ ಇನ್ನೊಮ್ಮೆ ಟಾರ್ಕ್ ರೆಂಚ್ ಹಿಡಿದು ನೋಡಿ. ಇದನ್ನು ಮರೆತರೆ ಆಕ್ಸಲ್ ಸ್ಪ್ರಿಂಗ್ ಮೇಲೆ ಜಾರಿ, ಸ್ಪ್ರಿಂಗ್ ಪಟ್ಟಿಗಳನ್ನು ಹಿಡಿದಿಡುವ ಮಧ್ಯದ ಪಿನ್ ತುಂಡಾಗುತ್ತದೆ.

ಶಾಫ್ಟ್ ಬಗ್ಗೆ ಒಂದು ಮಾತು. ಈಗ ದುಬಾರಿ ಶಾಫ್ಟ್ ಮಾಡಿಸಬೇಡಿ. ಟ್ರಾನ್ಸ್‌ಫರ್ ಕೇಸ್ ಬಂದು ಗೇರ್ ಬಾಕ್ಸ್ ಹಿಂದೆ ಕೂತಾಗ ಹಿಂದಿನ ಶಾಫ್ಟ್ ಅಷ್ಟು ಗಿಡ್ಡ ಆಗಲೇಬೇಕು. ಈಗಿರುವ ಶಾಫ್ಟ್ ಉದ್ದ ಹೊಂದುತ್ತದಾ ನೋಡಿ. ಗೇರ್ ಬಾಕ್ಸಿನೊಳಗೆ ಜಾರುವ ತುದಿಯನ್ನು ಪೂರ್ತಿ ಒಳಗೆ ತಳ್ಳಿ, ಅಲ್ಲಿಂದ ಸುಮಾರು 20ರಿಂದ 25 ಮಿ.ಮೀ. ಹೊರಗೆ ಬಂದ ಸ್ಥಿತಿಯಲ್ಲಿ ಅದು ಪಿನಿಯನ್‌ಗೆ ಸೇರಬೇಕು, ಗಾಡಿಯ ಭಾರ ಚಕ್ರದ ಮೇಲೆ ಇರುವಾಗ. ಕ್ರಾಸ್ (ಶಾಫ್ಟ್ ತುದಿಯ ಬಾಗುವ ಕೀಲಾದ ಯೂನಿವರ್ಸಲ್ ಜಾಯಿಂಟ್‌ನೊಳಗಿನ ಕೂಡು ಚಿಹ್ನೆಯಾಕಾರದ ತುಂಡು) ಅಳತೆ ಬೇರೆ ಇದ್ದರೆ ಎರಡು ಬದಿಗೆ ಎರಡು ಅಳತೆ ಇರುವ ಕ್ರಾಸ್ ಸಿಗುತ್ತದೆ, 1330 ಮತ್ತು 1350 ಸರಣಿಗಳ ನಡುವೆ ಸೇರಿಸುವಂಥದ್ದು ಮಾಮೂಲಿ ಮಾಲು. ಈ ಒಂದು ವರ್ಷಕ್ಕೆ ಅದು ಸಾಕು.

ಕೊನೆಗೆ, ಆಕ್ಸಲ್ ಬದಲಾವಣೆಗೆ ಅನುಮತಿ, ತಪಾಸಣೆ, ವಿಮೆ ಅಂತ ಏನೇನು ಬೇಕು ಅನ್ನೋದನ್ನು ಬಿಚ್ಚುವ ಮುಂಚೆಯೇ ವಿಚಾರಿಸಿಕೊಳ್ಳಿ.

ಪ್ರಶ್ನೆ: ಸರ್, ನಾನು ಈಗಾಗಲೇ ವ್ಯಾನಿಗೆ ಬೇರೆ ಹಿಂದಿನ ಆಕ್ಸಲ್ ಹಾಕಿದ್ದೇನೆ. ಸ್ಪ್ರಿಂಗ್ ಸೀಟುಗಳನ್ನು (ಸ್ಪ್ರಿಂಗ್ ಕೂರಲು ಆಕ್ಸಲ್ ಮೇಲೆ ಇರುವ ತಟ್ಟೆಗಳು) ವೆಲ್ಡಿಂಗ್ ಮಾಡಿಸಿ, ಶಾಫ್ಟ್ ಕತ್ತರಿಸಿ ಗಿಡ್ಡ ಮಾಡಿಸಿದೆ. 65 ದಾಟಿದರೆ ನೆಲವೆಲ್ಲ ಅದುರುತ್ತದೆ. ಟೈರ್ ಬ್ಯಾಲೆನ್ಸ್ ಎರಡು ಸಲ ಮಾಡಿಸಿದೆ, ಹೋಗಲಿಲ್ಲ.

ಉತ್ತರ: ಟೈರ್ ಬಿಡಿ, ನನ್ನ ಅನುಮಾನ ಪಿನಿಯನ್ ಕೋನದ ಮೇಲೆ, ಅಂದರೆ ಶಾಫ್ಟ್ ಬಂದು ಸೇರುವ ಪಿನಿಯನ್ ಮೂತಿ ಎಷ್ಟು ಮೇಲೆ ಕೆಳಗೆ ನೋಡುತ್ತಿದೆ ಅನ್ನೋದರ ಮೇಲೆ. ಇದೇ ನೋವನ್ನು ನಾನೂ ತಿಂದಿದ್ದೇನೆ. ನನ್ನ ಮೊದಲ ವ್ಯಾನಿಗೆ ಆಕ್ಸಲ್ ಹಾಕುವಾಗ ಗಾಡಿ ಸ್ಟ್ಯಾಂಡ್ ಮೇಲಿತ್ತು, ಸ್ಪ್ರಿಂಗ್‌ಗಳು ಜೋತು ಬಿದ್ದಿದ್ದವು. ಕೋನ ಅಳೆದು, ಖುಷಿಯಿಂದ ಸೀಟುಗಳನ್ನು ಪೂರ್ತಿ ವೆಲ್ಡ್ ಮಾಡಿದೆ. ಗಾಡಿ ಕೆಳಗಿಳಿದು ಸ್ಪ್ರಿಂಗ್ ಮೇಲೆ ಭಾರ ಬಿದ್ದಾಗ ಆಕ್ಸಲ್ ತಿರುಗಿ, ಪಿನಿಯನ್ ಮೂತಿ ನಾಲ್ಕು ಡಿಗ್ರಿ ಮೇಲಕ್ಕೆ ನೋಡುತ್ತಿತ್ತು. ಲೀಫ್ ಸ್ಪ್ರಿಂಗ್ ಭಾರಕ್ಕೆ ಬಾಗುವಾಗ ಅದರ ಆಕಾರವೇ ಬದಲಾಗುತ್ತದೆ, ಅದರ ಜೊತೆ ಆಕ್ಸಲ್ಲೂ ತಿರುಗುತ್ತದೆ. ನಾನು ಅದನ್ನು ಯೋಚಿಸಿರಲಿಲ್ಲ. ಕೆಲವೇ ತಿಂಗಳಲ್ಲಿ ಕ್ರಾಸ್‌ಗಳು ಹೋದವು, ಸೀಟುಗಳನ್ನು ಗ್ರೈಂಡರ್‌ನಲ್ಲಿ ಕತ್ತರಿಸಿ ಮತ್ತೆ ಮಾಡಬೇಕಾಯಿತು. ಎರಡು ವಾರದ ದುಡಿಮೆ ನೀರಿನಲ್ಲಿ ಹೋಯಿತು.

ಕಾರಣ ಹೀಗಿದೆ. ಒಂದು ಯೂನಿವರ್ಸಲ್ ಜಾಯಿಂಟ್ ಓರೆಯಾಗಿ ತಿರುಗುವಾಗ ಅದು ಒಂದೇ ಸಮನೆ ತಿರುಗುವುದಿಲ್ಲ. ಪ್ರತಿ ಸುತ್ತಿನಲ್ಲಿ ಎರಡು ಸಲ ವೇಗ ಹೆಚ್ಚಿ ಎರಡು ಸಲ ತಗ್ಗುತ್ತದೆ. ಶಾಫ್ಟ್‌ನ ಇನ್ನೊಂದು ತುದಿಯ ಜಾಯಿಂಟ್ ಅಷ್ಟೇ ಓರೆಯಲ್ಲಿ ಕೂತಿದ್ದರೆ ಮಾತ್ರ ಆ ಏರಿಳಿತ ಅಳಿಸಿಹೋಗಿ ಪಿನಿಯನ್‌ಗೆ ಸಮನಾದ ತಿರುಗು ಸಿಗುತ್ತದೆ. ಆದ್ದರಿಂದ ಎರಡು ತುದಿಗೂ ಒಂಟಿ ಜಾಯಿಂಟ್ ಇರುವ ಶಾಫ್ಟ್‌ನಲ್ಲಿ ಗೇರ್ ಬಾಕ್ಸಿನ ಹೊರ ಶಾಫ್ಟ್ ಮತ್ತು ಪಿನಿಯನ್ ಒಂದಕ್ಕೊಂದು ಸಮಾನಾಂತರ ಇರಬೇಕು. ಎರಡು ಓರೆಗಳ ನಡುವಿನ ವ್ಯತ್ಯಾಸ ಒಂದು ಡಿಗ್ರಿಯೊಳಗೆ ಇರಲಿ. ಲೀಫ್ ಸ್ಪ್ರಿಂಗ್ ಗಾಡಿಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ಪಿನಿಯನ್ ಮೂತಿ ಮೇಲಕ್ಕೆ ಏಳುತ್ತದೆ, ಅದಕ್ಕೇ ನಿಂತಾಗ ಒಂದೆರಡು ಡಿಗ್ರಿ ತಗ್ಗಿಸಿ ಇಡುವ ರೂಢಿ. ಓರೆ ಸೊನ್ನೆಯೂ ಆಗಬಾರದು, ಆಗ ಕ್ರಾಸ್‌ನೊಳಗಿನ ಸೂಜಿ ಬೇರಿಂಗ್‌ಗಳು ಉರುಳದೆ ಒಂದೇ ಜಾಗದಲ್ಲಿ ಗುಳಿ ಮಾಡುತ್ತವೆ.

ಈಗ ನೀವು ನೋಡಬೇಕಾದ್ದು. ಗಾಡಿಯನ್ನು ಮಾಮೂಲಿ ಸಾಮಾನಿನ ಜೊತೆ ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಗೇರ್ ಬಾಕ್ಸಿನ ಹೊರ ಶಾಫ್ಟ್, ಪ್ರೊಪೆಲ್ಲರ್ ಶಾಫ್ಟ್, ಪಿನಿಯನ್, ಮೂರರ ಕೋನವನ್ನೂ ಅಳೆಯಿರಿ. ಮ್ಯಾಗ್ನೆಟ್ ಇರುವ ಕೋನಮಾಪಕ ಸಾಕು. ಜೊತೆಗೆ ಶಾಫ್ಟ್‌ನ ಎರಡು ತುದಿಯ ಕವಲುಗಳು ಒಂದೇ ಸಾಲಿನಲ್ಲಿ ಇವೆಯಾ ನೋಡಿ. ಕತ್ತರಿಸಿ ಬೆಸೆದ ಶಾಫ್ಟ್ ಅಂದಿರಿ, ಬೆಸೆಯುವಾಗ ಸ್ವಲ್ಪ ತಿರುಗಿದ್ದರೂ ಇದೇ ಅದುರು ಬರುತ್ತದೆ. ಅದು ಸರಿಯಿದ್ದು ಕೋನ ಮಾತ್ರ ತಪ್ಪಿದ್ದರೆ ಸೀಟು ಕತ್ತರಿಸುವ ಮುಂಚೆ ಉಕ್ಕಿನ ಓರೆ ತುಂಡುಗಳನ್ನು ಸ್ಪ್ರಿಂಗ್ ಮತ್ತು ಸೀಟಿನ ನಡುವೆ ಇಟ್ಟು ನೋಡಿ. ಎರಡು ಡಿಗ್ರಿ, ನಾಲ್ಕು ಡಿಗ್ರಿ ಅಂತ ಸಿಗುತ್ತವೆ. ಮಧ್ಯದ ಪಿನ್ ಅದರ ಮೂಲಕ ಹಾದುಹೋಗಬೇಕು, ಉದ್ದದ ಪಿನ್ ಹಾಕಿ.

ಮೊದಲನೇ ಪತ್ರದವರೂ ಇದನ್ನು ಓದಿ. ಟ್ರಾನ್ಸ್‌ಫರ್ ಕೇಸ್ ಗೇರ್ ಬಾಕ್ಸಿಗೇ ಬೋಲ್ಟ್ ಆಗುವಂಥದ್ದಾದರೆ ಅದರ ಹೊರ ಶಾಫ್ಟ್ ಗೇರ್ ಬಾಕ್ಸಿನ ಓರೆಯಲ್ಲೇ ಇರುತ್ತದೆ. ಹಾಗಾಗಿ ಈಗ ಸಮಾನಾಂತರವಾಗಿ ಇಟ್ಟ ಪಿನಿಯನ್ ಆಮೇಲೂ ಸರಿಯಾಗೇ ಇರುತ್ತದೆ, ಇಂಜಿನ್ ಕೂತ ರೀತಿ ಬದಲಾಗದಿದ್ದರೆ. ಆದರೆ ಗಾಡಿ ಎತ್ತರ ಮಾಡಿ, ಗಿಡ್ಡ ಶಾಫ್ಟ್‌ಗೆ ಓರೆ ಜಾಸ್ತಿಯಾಗಿ, ಮೇಲಿನ ತುದಿಗೆ ಜೋಡಿ ಜಾಯಿಂಟ್ ಹಾಕುವ ಯೋಚನೆ ಇದ್ದರೆ ಲೆಕ್ಕವೇ ಬೇರೆ. ಆಗ ಪಿನಿಯನ್ ಮೂತಿ ನೇರವಾಗಿ ಟ್ರಾನ್ಸ್‌ಫರ್ ಕೇಸಿನ ಕಡೆಗೆ ನೋಡಬೇಕು, ಒಂದೆರಡು ಡಿಗ್ರಿ ತಗ್ಗಿ. ಯಾವ ಶಾಫ್ಟ್ ಅಂತ ತೀರ್ಮಾನ ಆಗುವವರೆಗೆ ಓರೆ ತುಂಡುಗಳಲ್ಲಿ ಸರಿಮಾಡಿಕೊಳ್ಳುವಷ್ಟು ಅವಕಾಶ ಇಟ್ಟುಕೊಳ್ಳಿ.

ಪ್ರಶ್ನೆ: ಅಣ್ಣಾ, ನಾನು ಐಟಿಐ ಮುಗಿಸಿದ್ದೇನೆ, ಆರ್ಕ್ ವೆಲ್ಡಿಂಗ್ ಚೆನ್ನಾಗಿ ಬರುತ್ತದೆ. ಸ್ಪ್ರಿಂಗ್ ಸೀಟುಗಳನ್ನು ನಾನೇ ಬೆಸೆಯಬಹುದಾ?

ಉತ್ತರ: ಬೆಸೆಯಬಹುದು ತಮ್ಮಾ, ಕೈ ಪಳಗಿದೆ ಅಂದ ಮೇಲೆ ಭಯ ಬೇಡ. ಆದರೆ ಮೊದಲು ಬರೀ ಚುಕ್ಕಿ ವೆಲ್ಡ್. ಗಾಡಿಯ ಪೂರ್ತಿ ಭಾರ ಸ್ಪ್ರಿಂಗ್ ಮೇಲೆ ಬಿದ್ದಿರಬೇಕು, ಒಳಗೆ ಯಾವಾಗಲೂ ಇರುವ ಸಾಮಾನೂ ಇರಬೇಕು. ಕೋನ ಇನ್ನೊಮ್ಮೆ ಅಳೆದು, ಎಡ ಬಲ ಎರಡೂ ಸ್ಪ್ರಿಂಗ್‌ನ ಮುಂದಿನ ಕಣ್ಣಿನಿಂದ ಆಕ್ಸಲ್‌ಗೆ ಇರುವ ದೂರ ಒಂದೇ ಇದೆಯಾ ನೋಡಿ, ಆಮೇಲೆ ಆಕ್ಸಲ್ ಕೆಳಗಿಳಿಸಿ ಪೂರ್ತಿ ಬೆಸೆಯಿರಿ.

ಒಂದೇ ಬದಿಯಲ್ಲಿ ಉದ್ದಕ್ಕೆ ಎಳೆದರೆ ಟ್ಯೂಬ್ ಬಾಗುತ್ತದೆ. ಒಂದಿಂಚು ಎಡಗಡೆ, ಒಂದಿಂಚು ಬಲಗಡೆ, ಕೈಯಿಟ್ಟರೆ ಸಹಿಸುವಷ್ಟು ಆರಲು ಬಿಟ್ಟು ಮತ್ತೆ ಒಂದಿಂಚು. ಇಡೀ ದಿನ ಹಿಡಿದರೂ ಪರವಾಗಿಲ್ಲ. ಟ್ಯೂಬ್ ಬಾಗಿದರೆ ಬೇರಿಂಗ್ ಮತ್ತು ಸೀಲ್ ಮತ್ತೆ ಮತ್ತೆ ಹೋಗುತ್ತಿರುತ್ತವೆ, ಯಾಕೆ ಅಂತ ಯಾರಿಗೂ ಹೊಳೆಯುವುದಿಲ್ಲ. ಅರ್ತ್ ಕ್ಲಾಂಪನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಹಾಕಿ. ದೂರದ ಹಬ್‌ಗೆ ಹಾಕಿದರೆ ಕರೆಂಟು ಬೇರಿಂಗ್ ಮೂಲಕ ಹಾದು ಅದರ ಮೈಮೇಲೆ ಸುಟ್ಟ ಚುಕ್ಕಿ ಮಾಡುತ್ತದೆ. ಆಕ್ಸಲ್ ಗಾಡಿಯಲ್ಲೇ ಇದ್ದರೆ ಬ್ಯಾಟರಿ ಕಳಚಿಡಿ. ಮತ್ತೆ, ನಡುವಿನ ಡಿಫರೆನ್ಷಿಯಲ್ ಗುಂಡು ಎರಕದ ಕಬ್ಬಿಣ. ಅದರ ಮೇಲೆ ಮಾಮೂಲಿ ರಾಡ್ ಹಿಡಿಯಬೇಡಿ, ಬಿರುಕು ಬಿಡುತ್ತದೆ. ಅದಕ್ಕೆ ಮೊದಲೇ ಕಾಯಿಸಿ ನಿಕಲ್ ರಾಡ್‌ನಲ್ಲಿ ಬೆಸೆಯುವ ಕೆಲಸ ಬೇರೆ, ಅದನ್ನು ಅನುಭವ ಇರುವವರಿಗೇ ಕೊಡಿ.

ಪ್ರಶ್ನೆ: ಡ್ರಮ್ ಇದ್ದ ಜಾಗಕ್ಕೆ ಡಿಸ್ಕ್ ಇರುವ ಆಕ್ಸಲ್ ಹಾಕಿದೆ, ಗಾಡಿಯನ್ನು ಹತ್ತು ಸೆಂ.ಮೀ. ಎತ್ತರವೂ ಮಾಡಿದೆ. ಬ್ರೇಕ್ ಪೆಡಲ್ ತುಂಬಾ ಕೆಳಗೆ ಹೋಗುತ್ತದೆ, ಹಿಂದೆ ಹಿಡಿತವೇ ಸಾಲದು ಅನಿಸುತ್ತಿದೆ.

ಉತ್ತರ: ಮೊದಲು ಸುಲಭದ್ದು ನೋಡಿ. ಡಿಸ್ಕ್‌ಗೆ ಪ್ಯಾಡ್ ಒತ್ತುವ ಕ್ಯಾಲಿಪರ್‌ನ ಬ್ಲೀಡ್ ನಿಪ್ಪಲ್ (ಒಳಗಿನ ಗಾಳಿ ಹೊರಬಿಡುವ ಸಣ್ಣ ತಿರುಪು) ಮೇಲ್ಗಡೆ ಇದೆಯಾ? ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದರೆ ನಿಪ್ಪಲ್ ಕೆಳಗೆ ಬರುತ್ತದೆ, ಎಷ್ಟು ಬ್ಲೀಡ್ ಮಾಡಿದರೂ ಮೇಲೆ ಸಿಕ್ಕಿಕೊಂಡ ಗಾಳಿ ಹೊರಗೆ ಬರುವುದಿಲ್ಲ.

ಅದು ಸರಿಯಿದ್ದರೆ, ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್. ಡಿಸ್ಕ್ ಕ್ಯಾಲಿಪರ್‌ಗೆ ಡ್ರಮ್‌ಗಿಂತ ಹೆಚ್ಚು ಎಣ್ಣೆ ಬೇಕು. ಹಳೇ ಸಿಲಿಂಡರ್ ಅಷ್ಟು ತಳ್ಳಲಾರದೆ ಪೆಡಲ್ ಕೆಳಗಿಳಿಯುತ್ತದೆ. ಕೆಲವು ಗಾಡಿಗಳಲ್ಲಿ ಡ್ರಮ್ ಲೈನ್‌ನಲ್ಲಿ ಸ್ವಲ್ಪ ಒತ್ತಡ ಉಳಿಸಿಕೊಳ್ಳುವ ವಾಲ್ವ್ ಇರುತ್ತದೆ, ಡಿಸ್ಕ್ ಹಾಕಿದ ಮೇಲೆ ಅದು ಇರಬಾರದು, ಇದ್ದರೆ ಪ್ಯಾಡ್ ಯಾವಾಗಲೂ ಉಜ್ಜುತ್ತಾ ಬಿಸಿಯಾಗುತ್ತದೆ.

ಹಿಂದೆ ಹಿಡಿತ ಸಾಲದು ಅಂದಿರಲ್ಲ, ಅದಕ್ಕೆ ಎತ್ತರ ಮಾಡಿದ್ದೇ ಕಾರಣ ಇರಬಹುದು. ಬಹಳ ವ್ಯಾನ್‌ಗಳಲ್ಲಿ ಚಾಸಿ ಮತ್ತು ಆಕ್ಸಲ್ ನಡುವೆ ಒಂದು ಸರಳಿನಿಂದ ಕೆಲಸ ಮಾಡುವ ವಾಲ್ವ್ ಇರುತ್ತದೆ. ಲೋಡ್ ಬಿದ್ದು ಚಾಸಿ ತಗ್ಗಿದರೆ ಹಿಂದಿನ ಬ್ರೇಕ್‌ಗೆ ಒತ್ತಡ ಹೆಚ್ಚು ಬಿಡುತ್ತದೆ, ಖಾಲಿ ಇದ್ದು ಚಾಸಿ ಮೇಲೆದ್ದರೆ ಕಡಿಮೆ ಬಿಡುತ್ತದೆ. ನೀವು ಹತ್ತು ಸೆಂ.ಮೀ. ಎತ್ತಿದ್ದೀರಿ. ಗಾಡಿ ಯಾವಾಗಲೂ ಖಾಲಿ ಅಂತಲೇ ಅದು ತಿಳಿದುಕೊಂಡಿದೆ. ಸರಳಿನ ಬ್ರಾಕೆಟ್ಟನ್ನು ಅಷ್ಟೇ ಅಳತೆಗೆ ಸರಿಸಿ, ವಾಲ್ವ್ ಮತ್ತೆ ಹಳೇ ಸ್ಥಾನಕ್ಕೆ ಬರಬೇಕು. ಅದನ್ನು ಕಿತ್ತುಹಾಕಿ ನೇರ ಪೈಪ್ ಕೊಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಖಾಲಿ ಗಾಡಿಯಲ್ಲಿ ಜೋರಾಗಿ ಬ್ರೇಕ್ ಒತ್ತಿದಾಗ ಹಿಂದಿನ ಚಕ್ರ ಮೊದಲು ಕಚ್ಚಿಕೊಂಡರೆ ವ್ಯಾನ್ ಅಡ್ಡಕ್ಕೆ ತಿರುಗುತ್ತದೆ.

ಎತ್ತರ ಮಾಡಿದ ಗಾಡಿಯಲ್ಲಿ ಆಕ್ಸಲ್ ಪೂರ್ತಿ ಜೋತಾಗ ಬ್ರೇಕ್ ಹೋಸ್ ಬಿಗಿಯಾಗುತ್ತದಾ ಅಂತಲೂ ನೋಡಿ. ಎಬಿಎಸ್ ಇದ್ದರೆ ಹೊಸ ಆಕ್ಸಲ್‌ನ ಸೆನ್ಸರ್ ರಿಂಗಿನ ಹಲ್ಲುಗಳು ಹಳೇದರಷ್ಟೇ ಇವೆಯಾ ಎಣಿಸಿ. ಕೆಲವು ಗಾಡಿಗಳಲ್ಲಿ ಸ್ಪೀಡೋಮೀಟರಿಗೂ ಅಲ್ಲಿಂದಲೇ ಸಿಗ್ನಲ್ ಹೋಗುತ್ತದೆ. ಎಲ್ಲಾ ಆದ ಮೇಲೆ ಜನ, ಗಾಡಿ ಇಲ್ಲದ ಬಯಲಲ್ಲಿ, ಕಡಿಮೆ ವೇಗದಿಂದ ಶುರುಮಾಡಿ ಬ್ರೇಕ್ ಪರೀಕ್ಷೆ ಮಾಡಿ. ಒಣ ನೆಲದಲ್ಲಿ ಒಮ್ಮೆ, ಒದ್ದೆ ನೆಲದಲ್ಲಿ ಒಮ್ಮೆ.

ಪ್ರಶ್ನೆ: ಮುಂದೆ 4.10, ಹಿಂದೆ 3.73 ಇದೆ. ಕೆಸರಿಗೆ ಮಾತ್ರ ಫೋರ್ ವೀಲ್ ಹಾಕುತ್ತೇನೆ. ಹಾಗೇ ಬಿಟ್ಟರೆ ನಡೆಯುತ್ತಾ?

ಉತ್ತರ: ಇಲ್ಲ. 84 ಸೆಂ.ಮೀ. ಟೈರ್ ಅಂತ ಇಟ್ಟುಕೊಳ್ಳಿ. ಒಂದು ಕಿಲೋಮೀಟರಿನಲ್ಲಿ ನಿಮ್ಮ ಮುಂದಿನ ಶಾಫ್ಟ್ ಹಿಂದಿನದಕ್ಕಿಂತ ಸುಮಾರು 140 ಸುತ್ತು ಜಾಸ್ತಿ ತಿರುಗಬೇಕು. ಬೇಕೆಂದಾಗ ಹಾಕುವಂಥ ಟ್ರಾನ್ಸ್‌ಫರ್ ಕೇಸ್ ಎರಡನ್ನೂ ಒಟ್ಟಿಗೆ ಕಟ್ಟಿಹಾಕುತ್ತದೆ. ಹಾಗಾದರೆ ಆ 140 ಸುತ್ತು ಎಲ್ಲಿಗೆ ಹೋಗಬೇಕು? ಟೈರ್ ಜಾರಬೇಕು, ಜಾರದಿದ್ದರೆ ಏನಾದರೂ ಮುರಿಯಬೇಕು. ಕೆಸರಲ್ಲಿ ಸ್ವಲ್ಪ ಜಾರುತ್ತದೆ ಸರಿ, ಆದರೆ ಕೆಸರಿನ ನಡುವೆ ಬಂಡೆ, ಬೇರು ಬಂದೇ ಬರುತ್ತವೆ. ಸ್ಟಿಯರಿಂಗ್ ಕೂಡ ಕೈಯಲ್ಲಿ ಇರುವುದಿಲ್ಲ.

4.10 ಮತ್ತು 4.11 ಆದರೆ ಚಿಂತೆ ಬೇಡ. ಅದು ಕಿಲೋಮೀಟರಿಗೆ ನಾಲ್ಕು ಸುತ್ತಿನ ವ್ಯತ್ಯಾಸ, ಮುಂದಿನ ಟೈರ್ ಹಿಂದಿನದಕ್ಕಿಂತ ಒಂದು ಮಿಲಿಮೀಟರ್ ಹೆಚ್ಚು ಸವೆದರೂ ಅಷ್ಟೇ ವ್ಯತ್ಯಾಸ ಬರುತ್ತದೆ. ಇದೇ ಕಾರಣಕ್ಕೆ ನಾಲ್ಕೂ ಟೈರ್ ಒಂದೇ ಅಳತೆ, ಹತ್ತಿರ ಹತ್ತಿರ ಒಂದೇ ಸವೆತ ಇರಬೇಕು.

ಪ್ರಶ್ನೆ: ಫುಲ್ ಫ್ಲೋಟಿಂಗ್ ಆಕ್ಸಲ್ ಅಂತ ಮಾರುವವರು ಹೇಳುತ್ತಾರೆ. ಅದರಿಂದ ನನಗೇನು ಉಪಯೋಗ?

ಉತ್ತರ: ತುಂಬಾ. ಸೆಮಿ ಫ್ಲೋಟಿಂಗ್‌ನಲ್ಲಿ ಆಕ್ಸಲ್ ಶಾಫ್ಟ್ಟೇ ಗಾಡಿಯ ಭಾರ ಹೊರುತ್ತದೆ, ಚಕ್ರವನ್ನೂ ತಿರುಗಿಸುತ್ತದೆ. ಅದು ತುಂಡಾದರೆ ಚಕ್ರವೇ ಕಳಚಿ ಹೋಗಬಹುದು. ಫುಲ್ ಫ್ಲೋಟಿಂಗ್‌ನಲ್ಲಿ ಭಾರವೆಲ್ಲ ಹಬ್ ಬೇರಿಂಗ್ ಮತ್ತು ಹೌಸಿಂಗ್ ಮೇಲೆ, ಶಾಫ್ಟ್‌ಗೆ ತಿರುಗಿಸುವ ಕೆಲಸ ಮಾತ್ರ. ಚಕ್ರ ಬಿಚ್ಚದೆ, ಜಾಕಿ ಹಾಕದೆ ಶಾಫ್ಟ್ ಎಳೆದು ತೆಗೆಯಬಹುದು. ಸಾಮಾನು ತುಂಬಿದ ವ್ಯಾನಿಗೆ ಅದೇ ಸರಿ. ಕೊಳ್ಳುವ ಮುಂಚೆ ವೇ ಬ್ರಿಡ್ಜ್‌ಗೆ ಹೋಗಿ, ನೀರು, ಸಾಮಾನು, ಜನ ಎಲ್ಲಾ ತುಂಬಿಕೊಂಡು, ಹಿಂದಿನ ಚಕ್ರಗಳ ತೂಕ ಬೇರೆಯಾಗಿ ಹಾಕಿಸಿ. ಆ ಸಂಖ್ಯೆಗಿಂತ ಆಕ್ಸಲ್‌ನ ಸಾಮರ್ಥ್ಯ ಜಾಸ್ತಿ ಇರಲಿ.

ಪ್ರಶ್ನೆ: ಸರ್, ಹೊಸ ಕ್ರೌನ್ ಮತ್ತು ಪಿನಿಯನ್ ಹಾಕಿಸಿ ಹಿಂದಿನ ಆಕ್ಸಲ್ ಜೋಡಿಸಿದೆ. ನಾಡಿದ್ದೇ ದೂರದ ಪ್ರಯಾಣ ಇದೆ, ಹಿಂದೆ ಟ್ರೈಲರ್ ಬೇರೆ. ಹೋಗಬಹುದಾ?

ಉತ್ತರ: ಟ್ರೈಲರ್ ಬಿಟ್ಟು ಹೋಗಿ, ಇಲ್ಲಾ ಪ್ರಯಾಣ ಮುಂದಕ್ಕೆ ಹಾಕಿ. ಹೊಸ ಹಲ್ಲುಗಳು ಒಂದಕ್ಕೊಂದು ಉಜ್ಜಿ ಹೊಂದಿಕೊಳ್ಳುವಾಗ ತುಂಬಾ ಬಿಸಿಯಾಗುತ್ತವೆ. ಮೊದಲ ಸಲ 15–20 ನಿಮಿಷ ಮೆಲ್ಲಗೆ ಓಡಿಸಿ, ಅರ್ಧ ಗಂಟೆ ಪೂರ್ತಿ ಆರಲು ಬಿಡಿ. ಹೀಗೆ ಕೆಲವು ಸಲ. ಮೊದಲ 800 ಕಿಲೋಮೀಟರ್ ಏನನ್ನೂ ಎಳೆಯಬೇಡಿ, ಅದಾದ ಮೇಲೆ ಎಣ್ಣೆ ಬದಲಿಸಿ, ಮೊದಲ ಸವೆತದ ಪುಡಿಯೆಲ್ಲ ಅದರಲ್ಲಿ ಇರುತ್ತದೆ. ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಸುಮ್ಮನೆ ಸುತ್ತದಂತೆ ತಡೆಯುವ ಡಿಫರೆನ್ಷಿಯಲ್) ಇದ್ದರೆ ಅದಕ್ಕೆ ಬೇಕಾದ ಮಿಶ್ರಣವನ್ನೂ ಸೇರಿಸಿ.

ಜೋಡಿಸಿದವರ ಹತ್ತಿರ ಬ್ಯಾಕ್‌ಲ್ಯಾಶ್ (ಕ್ರೌನ್, ಪಿನಿಯನ್ ಹಲ್ಲುಗಳ ನಡುವಿನ ಸಡಿಲ) ಎಷ್ಟಿಟ್ಟರು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಸಾಮಾನ್ಯವಾಗಿ 0.15ರಿಂದ 0.25 ಮಿ.ಮೀ. ಒಳಗೆ ಇರುತ್ತದೆ, ನಿಮ್ಮ ಆಕ್ಸಲ್‌ನ ಪುಸ್ತಕದಲ್ಲಿ ಹೇಳಿದ್ದೇ ಅಂತಿಮ. ಆಕ್ಸಲ್ ಒಳಗಿನ ಗಾಳಿ ಆಡಲು ಇರುವ ಬ್ರೀದರ್ ಪೈಪನ್ನೂ ಈಗಲೇ ನೋಡಿಬಿಡಿ. ಫೋರ್ ವೀಲ್ ಮಾಡುತ್ತೀರಿ ಅಂದರೆ ನೀರಿಗೆ ಇಳಿಯುತ್ತೀರಿ. ಬಿಸಿಯಾದ ಆಕ್ಸಲ್ ತಣ್ಣೀರಿಗೆ ಬಿದ್ದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಒಳಗೆ ಎಳೆದುಕೊಳ್ಳುತ್ತದೆ, ಬ್ರೀದರ್ ಗಿಡ್ಡ ಇದ್ದರೆ ಅಥವಾ ಮಣ್ಣು ಕಟ್ಟಿಕೊಂಡಿದ್ದರೆ ಒಳಗೆ ಬರುವುದು ನೀರೇ. ಒಂದು ರಬ್ಬರ್ ಪೈಪ್ ಸೇರಿಸಿ, ಸ್ಪ್ರಿಂಗ್ ಆಡುವಾಗ ಎಳೆಯದಷ್ಟು ಸಡಿಲ ಬಿಟ್ಟು, ಚಾಸಿಗಿಂತ ಮೇಲಕ್ಕೆ ಒಯ್ದು ಕಟ್ಟಿ. ಹತ್ತು ನಿಮಿಷದ ಕೆಲಸ, ಆಕ್ಸಲ್ ಗಾಡಿಯ ಕೆಳಗೆ ಹೋಗುವ ಮುಂಚೆ ಮಾಡಿದರೆ ಇನ್ನೂ ಸುಲಭ.